ಆಂಪ್ಲಿಫೈಯರ್‌ಗೆ ಬಾಗಿಲು ಬೇಕೆ?

ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಟಿವಿ ಯೂನಿಟ್ಟಿನ ಆಳ ಸಾಮಾನ್ಯವಾಗಿ 16 ಇಂಚು, ಹೆಚ್ಚೆಂದರೆ 18. ಸೋಫಾಕ್ಕೂ ಟಿವಿಗೂ ನಡುವೆ ಓಡಾಡಲು ಜಾಗ ಉಳಿಯಬೇಕಲ್ಲ, ಹಾಗಾಗಿ ಬಡಗಿ ಅಷ್ಟಕ್ಕೇ ನಿಲ್ಲಿಸುತ್ತಾನೆ. ಅದರೊಳಗೆ ಕೂರಬೇಕಾದ ಹೋಂ ಥಿಯೇಟರ್ ರಿಸೀವರಿನ ಅಗಲ 43 ಸೆಂ.ಮೀ. ಆಸುಪಾಸು, ಎತ್ತರ 15ರಿಂದ 17, ಆಳ 32ರಿಂದ 40. ಹಿಂದೆ ಎಚ್‌ಡಿಎಂಐ ಕೇಬಲ್ಲು, ಸ್ಪೀಕರ್ ವೈರು ಬಾಗಿ ತಿರುಗಲು ಇನ್ನೊಂದು 5 ಸೆಂ.ಮೀ. ಬೇಕು. ಅಲ್ಲಿಗೆ ಗೂಡು ತುಂಬಿತು. ಆದರೆ ಯಂತ್ರದ ಜೊತೆ ಬರುವ ಕೈಪಿಡಿಯ ಮೊದಲ ಪುಟಗಳಲ್ಲೇ ಇನ್ನೊಂದು ಬೇಡಿಕೆ ಇರುತ್ತದೆ: ಸುತ್ತ ಗಾಳಿಗೆ ಜಾಗ ಬಿಡಿ. ಕೆಲವು ಕಂಪನಿಗಳು 10 ಸೆಂ.ಮೀ. ಸಾಕೆನ್ನುತ್ತವೆ, ಕೆಲವು ಪಕ್ಕಕ್ಕೂ ಹಿಂದಕ್ಕೂ 20, ಮೇಲಕ್ಕೆ 30 ಕೇಳುತ್ತವೆ. ಮೇಲೆ 30 ಸೆಂ.ಮೀ. ಅಂದರೆ ಒಂದು ಅಡಿ. ಸಣ್ಣ ಮನೆಯಲ್ಲಿ ಒಂದಡಿ ಖಾಲಿ ಜಾಗ ಎಷ್ಟು ದಿನ ಖಾಲಿ ಇದ್ದೀತು? ಸೆಟ್‌ಟಾಪ್ ಬಾಕ್ಸ್, ವೈಫೈ ರೌಟರ್, ಮಕ್ಕಳು ಗೆದ್ದ ಕಪ್ಪು, ಮದುವೆ ಆಲ್ಬಂ ಎಲ್ಲವೂ ಅಲ್ಲಿಗೇ ಬಂದು ಸೇರುತ್ತವೆ.

ಟಿವಿ ಯೂನಿಟ್ ಮಾಡಿಸುವ ಹೊತ್ತಿಗೆ ಮನೆಯಲ್ಲಿ ಎರಡು ಪಕ್ಷ ಹುಟ್ಟಿಕೊಳ್ಳುವುದು ಇಲ್ಲಿಯೇ. ಹಾಡು ಕೇಳುವವರು ಯಂತ್ರವನ್ನು ತೆರೆದೇ ಇಡಬೇಕೆನ್ನುತ್ತಾರೆ. ಮನೆ ಒಪ್ಪವಾಗಿರಬೇಕೆನ್ನುವವರು ಬಾಗಿಲು ಹಾಕಿಸಿ ಎನ್ನುತ್ತಾರೆ. ಬಡಗಿಯದು ಮೂರನೆಯ ಪಕ್ಷ. ಹಿಂದಿನ ಹಲಗೆ ಬಿಡಿ ಎಂದರೆ ಅವನ ಉತ್ತರ ಸಿದ್ಧವಾಗಿಯೇ ಇರುತ್ತದೆ: “ಹಿಂದೆ ಪ್ಲೈ ಹೊಡೀದೆ ಇದ್ರೆ ಫಿನಿಶಿಂಗ್ ಬರಲ್ಲ ಸಾರ್, ಬಾಕ್ಸ್ ಅಲ್ಲಾಡುತ್ತೆ.” ಈ ಮಾತೂ ಸುಳ್ಳಲ್ಲ. ಆ 6 ಎಂ.ಎಂ. ಪ್ಲೈ ಪೆಟ್ಟಿಗೆಯನ್ನು ಮೂಲೆಮಟ್ಟಕ್ಕೆ ಹಿಡಿದು ನಿಲ್ಲಿಸುತ್ತದೆ.

ಮೊದಲು ಮುಚ್ಚಬೇಕೆನ್ನುವವರ ವಾದವನ್ನು ಕೇಳೋಣ. ಆಡಿಯೊ ಹುಚ್ಚಿನವರು ಇದನ್ನು ಬರೀ ಅಂದಚಂದದ ಗೀಳು ಎಂದು ತಳ್ಳಿಹಾಕುತ್ತಾರೆ, ಅದು ಅನ್ಯಾಯ. ಊರಿನಲ್ಲಿ ಸದಾ ಒಂದಲ್ಲ ಒಂದು ಕಡೆ ರಸ್ತೆ ಅಗೆಯುತ್ತಿರುತ್ತಾರೆ, ಪಕ್ಕದ ಸೈಟಿನಲ್ಲಿ ಕಟ್ಟಡ ಏಳುತ್ತಿರುತ್ತದೆ. ಏಸಿ ಇಲ್ಲದ ಮನೆಯಲ್ಲಿ ಕಿಟಕಿ ತೆಗೆದೇ ಬದುಕಬೇಕು. ಆ ಧೂಳೆಲ್ಲ ಆಂಪ್ಲಿಫೈಯರಿನ ಮೇಲ್ಮುಚ್ಚಳದ ಸೀಳುಗಳಿಂದ ನೇರ ಒಳಗಿಳಿಯುತ್ತದೆ, ಹೀಟ್ ಸಿಂಕಿನ ರೆಕ್ಕೆಗಳ ನಡುವೆ ಪದರವಾಗಿ ಕೂರುತ್ತದೆ. ಹೀಟ್ ಸಿಂಕ್ ಕೆಲಸ ಮಾಡುವುದೇ ಆ ರೆಕ್ಕೆಗಳ ಸಂದಿನಲ್ಲಿ ಗಾಳಿ ಹರಿದಾಗ. ಸಂದು ಕಟ್ಟಿಕೊಂಡರೆ ಹಾಲಿನ ನಟ್ಟನಡುವೆ ಇಟ್ಟ ಯಂತ್ರವೂ ಬಿಸಿಯಾಗುತ್ತದೆ. ಅಂದರೆ ಶಾಖವನ್ನು ತಪ್ಪಿಸಲು ತೆರೆದಿಟ್ಟದ್ದು ವರ್ಷಗಳ ಮೇಲೆ ಶಾಖಕ್ಕೇ ದಾರಿ ಮಾಡುತ್ತದೆ. ವಿದೇಶದ ಪತ್ರಿಕೆಗಳು ಕೊಡುವ ಸಲಹೆಗಳಲ್ಲಿ ನಮ್ಮ ಈ ಧೂಳಿನ ಲೆಕ್ಕ ಸಿಗುವುದು ಅಪರೂಪ.

ಹಲ್ಲಿಯದು ಬೇರೆಯೇ ಕತೆ. ಬೆಚ್ಚಗಿನ, ಕತ್ತಲಿನ, ಯಾರೂ ಕೈಹಾಕದ ಜಾಗ ಅದಕ್ಕೆ ಪ್ರಿಯ, ಆನ್ ಆಗಿರುವ ಆಂಪ್ಲಿಫೈಯರಿನ ಒಳಗು ಹಾಗೇ ಇರುತ್ತದೆ. ಪವರ್ ಸಪ್ಲೈನ ಎರಡು ತುದಿಗಳಿಗೆ ಅದರ ಮೈ ತಾಗಿತೆಂದರೆ ಹಲ್ಲಿಯೂ ಹೋಯಿತು, ಬೋರ್ಡೂ ಹೋಯಿತು. ರಿಪೇರಿ ಅಂಗಡಿಯವರನ್ನು ಕೇಳಿದರೆ ಒಣಗಿದ ಹಲ್ಲಿ, ಜಿರಳೆ ಮೊಟ್ಟೆ, ಇರುವೆ ಗೂಡು ಸಿಕ್ಕ ಕತೆ ಎಷ್ಟು ಬೇಕಾದರೂ ಹೇಳುತ್ತಾರೆ. ಇನ್ನು ಎರಡು ಮೂರು ವರ್ಷದ ಮಕ್ಕಳಿರುವ ಮನೆಯಲ್ಲಿ ಮೇಲ್ಮುಚ್ಚಳದ ಸೀಳು ಎಂದರೆ ನಾಣ್ಯ ಹಾಕುವ ಹುಂಡಿ. ಬಾಗಿಲು ಬೇಕು ಎನ್ನುವ ತಾಯಿಯ ಮಾತಿನಲ್ಲಿ ಅಲಂಕಾರಕ್ಕಿಂತ ಸುರಕ್ಷತೆಯ ಚಿಂತೆ ಹೆಚ್ಚಿರುತ್ತದೆ. ಒಳಗೆ 230 ವೋಲ್ಟ್ ಇರುತ್ತದಲ್ಲ.

ಇತಿಹಾಸವೂ ಅವರ ಕಡೆಗೆ ಸ್ವಲ್ಪ ವಾಲುತ್ತದೆ. ನಮ್ಮ ಅಜ್ಜಂದಿರ ಕಾಲದ ವಾಲ್ವ್ ರೇಡಿಯೊ, ಮರ್ಫಿಯೋ ಫಿಲಿಪ್ಸೋ ಬುಷ್ಷೋ, ಮರದ ಪೆಟ್ಟಿಗೆಯೊಳಗೇ ಇತ್ತು. ಐದು ವಾಲ್ವಿನ ರೇಡಿಯೊ 40-50 ವ್ಯಾಟ್ ತಿನ್ನುತ್ತಿತ್ತು, ಅಷ್ಟನ್ನೂ ಹೆಚ್ಚುಕಡಿಮೆ ಶಾಖವಾಗಿ ಉಗುಳುತ್ತಿತ್ತು. ಆದರೂ ದಶಕಗಳ ಕಾಲ ಬಾಳಿತು. ಅದರ ಬೆನ್ನಿಗಿದ್ದ ಹಲಗೆ ತೆಳುವಾದ ರಟ್ಟಿನಂಥದ್ದು, ಅದರ ತುಂಬ ತೂತು. ಮುಂದಿನಿಂದ ನೋಡಿದವರಿಗೆ ಮುಚ್ಚಿದ ಪೆಟ್ಟಿಗೆ, ಹಿಂದಿನಿಂದ ಜರಡಿ. ಗೋಡೆಗೆ ಒತ್ತಿ ಇಡಬೇಡಿ ಎಂದು ಹಿರಿಯರು ಹೇಳುತ್ತಿದ್ದುದು ಅದಕ್ಕೇ. ಮೇಲೆ ಕ್ರೋಶಾ ಬಟ್ಟೆ ಹೊದಿಸಿದರೂ ಬೆನ್ನಿನ ತೂತುಗಳು ತೆರೆದೇ ಇರುತ್ತಿದ್ದವು.

ಇನ್ನು ತೆರೆದಿಡಬೇಕೆನ್ನುವವರ ಕಡೆಗೆ ಬರೋಣ. ಅವರ ಬಲವೆಲ್ಲ ಭೌತಶಾಸ್ತ್ರದಲ್ಲಿದೆ, ಆದರೆ ಅದನ್ನು ಅವರು ಸರಿಯಾಗಿ ಹೇಳುವುದು ಕಡಿಮೆ. “ನಾನು ಜೋರಾಗಿ ಹಾಕುವುದಿಲ್ಲ, ಮೆಲ್ಲಗೆ ಕೇಳುತ್ತೇನೆ, ಬಿಸಿ ಏಕಾಗುತ್ತದೆ?” ಎಂದು ಮನೆಯವರು ಕೇಳಿದರೆ ಉತ್ತರ ಹೊಳೆಯುವುದಿಲ್ಲ. ಉತ್ತರ ಹೀಗಿದೆ. ಮನೆಗಳಲ್ಲಿ ಹೆಚ್ಚಾಗಿರುವುದು ಎಬಿ ಕ್ಲಾಸ್ ಆಂಪ್ಲಿಫೈಯರ್. ಅದರ ಔಟ್‌ಪುಟ್ ಟ್ರಾನ್ಸಿಸ್ಟರುಗಳ ಮೂಲಕ ಹಾಡು ಇಲ್ಲದಿದ್ದಾಗಲೂ ಸ್ವಲ್ಪ ಕರೆಂಟ್ ಹರಿಯುತ್ತಲೇ ಇರಬೇಕು. ಇಲ್ಲದಿದ್ದರೆ ಧ್ವನಿ ಸಣ್ಣ ಮಟ್ಟದಲ್ಲಿ ಕರಕರ ಎನ್ನುತ್ತದೆ. ಏಳು ಚಾನಲ್ಲಿನ ರಿಸೀವರಾದರೆ ಆ ‘ಸ್ವಲ್ಪ’ ಏಳು ಪಟ್ಟು. ಅದರ ಮೇಲೆ ಎಚ್‌ಡಿಎಂಐ ಬೋರ್ಡಿನ ಚಿಪ್ಪುಗಳು, ಟ್ರಾನ್ಸ್‌ಫಾರ್ಮರು. ಎಲ್ಲ ಸೇರಿ ಏನೂ ನುಡಿಸದೆ ಸುಮ್ಮನೆ ಕೂತ ರಿಸೀವರ್ 40ರಿಂದ 60 ವ್ಯಾಟ್ ಎಳೆಯುವುದು ಮಾಮೂಲು. ಸಣ್ಣ ಹಾಲಿನಲ್ಲಿ ಮಾತಾಡುವ ಮಟ್ಟಕ್ಕೆ ಹಾಡು ಕೇಳುವಾಗ ಸ್ಪೀಕರಿಗೆ ಹೋಗುವುದು ಸರಾಸರಿ ಒಂದು ವ್ಯಾಟೂ ಇರಲಿಕ್ಕಿಲ್ಲ. ಮಿಕ್ಕದ್ದೆಲ್ಲ ಪೆಟ್ಟಿಗೆಯೊಳಗೇ ಶಾಖ. ವಾಲ್ಯೂಮ್ ಕಡಿಮೆ ಮಾಡಿದರೆ ನೆರೆಯವರಿಗೆ ನೆಮ್ಮದಿ, ಪ್ಲೈವುಡ್ಡಿಗೆ ವ್ಯತ್ಯಾಸ ತೀರ ಕಡಿಮೆ.

ಜೋರು ಮಾಡಿದಾಗಲೂ ಲೆಕ್ಕ ನೇರವಾಗಿಲ್ಲ. ಈ ಜಾತಿಯ ಆಂಪ್ಲಿಫೈಯರಿನ ಟ್ರಾನ್ಸಿಸ್ಟರುಗಳು ಅತಿ ಹೆಚ್ಚು ಕಾಯುವುದು ಪೂರ್ತಿ ಶಕ್ತಿಯಲ್ಲಲ್ಲ, ಸುಮಾರು 40 ಶೇಕಡಾ ಶಕ್ತಿಯಲ್ಲಿ ಓಡುವಾಗ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಆಂಪ್ಲಿಫೈಯರುಗಳ ವ್ಯಾಟ್ ಜಾಹೀರಾತಿಗೆ ನಿಯಮ ತಂದಾಗ, ಅಳತೆಗೆ ಮುಂಚೆ ಒಂದು ಗಂಟೆ ಮೂರನೇ ಒಂದು ಭಾಗದ ಶಕ್ತಿಯಲ್ಲಿ ಓಡಿಸಬೇಕು ಎಂದು ಹಾಕಿದ್ದು ಈ ಬಿಸಿಯ ವಲಯವನ್ನೇ. 2000ದಲ್ಲಿ ಅದನ್ನು ಎಂಟನೇ ಒಂದು ಭಾಗಕ್ಕೆ ಇಳಿಸಿದರು. ಮನೆಯಲ್ಲಿ ಯಾರೂ ಅಷ್ಟು ಜೋರಾಗಿ ಗಂಟೆಗಟ್ಟಲೆ ಹಾಕುವುದಿಲ್ಲ. ಗಣೇಶನ ಹಬ್ಬದ ಪೆಂಡಾಲಿಗೆ ಮನೆಯ ಆಂಪ್ಲಿಫೈಯರನ್ನೇ ಎತ್ತಿಕೊಂಡು ಹೋಗುವ ಹುಡುಗರನ್ನು ಬಿಟ್ಟು.

ಈಗ ಆ 50 ವ್ಯಾಟನ್ನು ಮುಚ್ಚಿದ ಗೂಡಿನೊಳಗೆ ಇಟ್ಟು ನೋಡಿ. 60 ಸೆಂ.ಮೀ. ಅಗಲ, 50 ಆಳ, 25 ಎತ್ತರ. ಎಲ್ಲ ಕಡೆ 18 ಎಂ.ಎಂ. ಪ್ಲೈ. 18 ಇಂಚಿನ ಯೂನಿಟ್ಟಿಗಿಂತ ಇದು ತುಸು ಉದಾರವಾದ ಗೂಡೇ. ಆರು ಮುಖಗಳಿಂದಲೂ ಶಾಖ ಹೊರಹೋಗುತ್ತದೆ ಎಂದುಕೊಂಡರೂ ಒಳಗಿನ ಗಾಳಿ ಕೋಣೆಗಿಂತ 17 ಡಿಗ್ರಿಯಷ್ಟು ಹೆಚ್ಚು ಬಿಸಿಯಾದ ಮೇಲೆಯೇ ಸಮತೋಲಕ್ಕೆ ಬರುತ್ತದೆ. ನಿಜದಲ್ಲಿ ಬೆನ್ನು ಗೋಡೆಗೆ ಅಂಟಿರುತ್ತದೆ, ಪಕ್ಕದಲ್ಲಿ ಇನ್ನೊಂದು ಡ್ರಾಯರ್ ಇರುತ್ತದೆ, ಆದ್ದರಿಂದ 25 ಡಿಗ್ರಿ ದಾಟಿದರೂ ಅಚ್ಚರಿಯಿಲ್ಲ. ಏಪ್ರಿಲ್ ಸಂಜೆ ಹಾಲಿನಲ್ಲಿ 31 ಡಿಗ್ರಿ ಇದ್ದರೆ ಗೂಡಿನಲ್ಲಿ 50-55. ಆಂಪ್ಲಿಫೈಯರಿನ ಮುಚ್ಚಳದೊಳಗೆ ಇನ್ನೂ ಹತ್ತು ಹದಿನೈದು ಹೆಚ್ಚು. ಗಾಜಿನ ಬಾಗಿಲು ಪ್ಲೈಗಿಂತ ಚೆನ್ನಾಗಿ ಶಾಖ ಸಾಗಿಸುತ್ತದೆ, ರಿಮೋಟಿನ ಕಿರಣವನ್ನೂ ಒಳಬಿಡುತ್ತದೆ, ಆದರೆ ಒಂದು ಮುಖದ ಗಾಜಿನಿಂದ ಈ ಲೆಕ್ಕ ಬಹಳ ಬದಲಾಗುವುದಿಲ್ಲ.

ಇಷ್ಟು ಬಿಸಿಯಿಂದ ಏನಾಗುತ್ತದೆ? ಇಲ್ಲಿ ತೆರೆದಿಡುವ ಪಕ್ಷದವರು ಹೆದರಿಕೆಯನ್ನು ಸ್ವಲ್ಪ ದೊಡ್ಡದು ಮಾಡುತ್ತಾರೆ. ಟ್ರಾನ್ಸಿಸ್ಟರ್ ಅಷ್ಟು ಸುಲಭಕ್ಕೆ ಸಾಯುವುದಿಲ್ಲ, ಬೆಂಗಳೂರಿನ ಎಸ್‌.ಪಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ಎಲ್ಲರ ಬಾಯಲ್ಲಿರುವ ‘5200-1943’ ಜೋಡಿಯ ಒಳಪದರ 150 ಡಿಗ್ರಿವರೆಗೆ ತಾಳುವಂತೆ ಮಾಡಿದ್ದು. ಮಿತಿಮೀರಿದರೆ ಒಳ್ಳೆಯ ಯಂತ್ರಗಳ ರಕ್ಷಣಾ ಸರ್ಕ್ಯೂಟು ತಾನೇ ಬಂದ್ ಮಾಡುತ್ತದೆ. ನಿಧಾನವಾಗಿ ಸೊರಗುವುದು ಎಲೆಕ್ಟ್ರೋಲೈಟಿಕ್ ಕೆಪಾಸಿಟರು. ಒಳಗಿನ ದ್ರವ ವರ್ಷಗಳಲ್ಲಿ ಆರುತ್ತದೆ, ಪ್ರತಿ 10 ಡಿಗ್ರಿ ಏರಿಕೆಗೆ ಆಯಸ್ಸು ಸುಮಾರು ಅರ್ಧವಾಗುತ್ತದೆ. 105 ಡಿಗ್ರಿಗೆ 2,000 ಗಂಟೆ ಎಂದು ಗುರುತು ಹಾಕಿದ ಕೆಪಾಸಿಟರ್ 65 ಡಿಗ್ರಿಯಲ್ಲಿ 32,000 ಗಂಟೆ ಬಾಳಬೇಕು. ದಿನಕ್ಕೆ ನಾಲ್ಕು ಗಂಟೆ ಹಾಕಿದರೆ ಇಪ್ಪತ್ತು ವರ್ಷದ ಮೇಲಾಯಿತು. ಮುಚ್ಚಿದ ಗೂಡಿನಲ್ಲಿ ಇಟ್ಟೂ ಇಪ್ಪತ್ತು ವರ್ಷ! ಅಷ್ಟರೊಳಗೆ ಎಚ್‌ಡಿಎಂಐ ಹೊಸ ಅವತಾರ ಎತ್ತಿ ಯಂತ್ರವೇ ಹಳತಾಗಿರುತ್ತದೆ. ಆದರೆ ಅದೇ ಜಾಗದಲ್ಲಿ 85 ಡಿಗ್ರಿಯ 2,000 ಗಂಟೆಯ ಅಗ್ಗದ ಕೆಪಾಸಿಟರ್ ಹಾಕಿದ್ದರೆ ಅದೇ ಲೆಕ್ಕ 8,000 ಗಂಟೆಗೆ ಇಳಿಯುತ್ತದೆ, ಅಂದರೆ ಐದೂವರೆ ವರ್ಷ. ಯಂತ್ರದೊಳಗೆ ಯಾವುದು ಇದೆ ಎನ್ನುವುದು ಮುಂಭಾಗದ ಫಲಕ ನೋಡಿದರೆ ತಿಳಿಯುವುದಿಲ್ಲ. ಬಾಗಿಲು ಹಾಕಿದ ಒಬ್ಬರ ಯಂತ್ರ ಹದಿನೈದು ವರ್ಷ ನಡೆದದ್ದೂ, ಇನ್ನೊಬ್ಬರದು ಆರನೇ ವರ್ಷಕ್ಕೆ ಗುಂಯ್‌ಗುಟ್ಟಲು ಶುರುಮಾಡಿದ್ದೂ ಎರಡೂ ನಿಜವಾಗಿರಬಹುದು, ಇಬ್ಬರೂ ತಮ್ಮ ಅನುಭವವನ್ನೇ ಸಾಕ್ಷಿ ಹಿಡಿದು ವಾದಿಸಬಹುದು.

ತೆರೆದಿಡುವ ಪಕ್ಷದ ಮೇಲೆ ನನಗಿರುವ ದೊಡ್ಡ ಆಕ್ಷೇಪ ಬೇರೆ. ತೆರೆದ ಜಾಗ ನಮ್ಮ ಮನೆಗಳಲ್ಲಿ ತೆರೆದು ಉಳಿಯುವುದಿಲ್ಲ. ಆಂಪ್ಲಿಫೈಯರಿನ ಚಪ್ಪಟೆ ತಲೆ ಸೆಟ್‌ಟಾಪ್ ಬಾಕ್ಸ್ ಇಡಲೆಂದೇ ಮಾಡಿದಂತಿರುತ್ತದೆ. ಸೆಟ್‌ಟಾಪ್ ಬಾಕ್ಸ್ ತಾನೂ ಬಿಸಿ ಕಾರುವ ವಸ್ತು, ಕೆಳಗಿನವನ ಉಸಿರನ್ನೂ ಕಟ್ಟುತ್ತದೆ. ಹಾಲಿನಲ್ಲಿ ತೆರೆದಿಟ್ಟು ತಲೆಯ ಮೇಲೆ ಎರಡು ಪೆಟ್ಟಿಗೆ ಹೇರಿದ ಆಂಪ್ಲಿಫೈಯರಿಗಿಂತ ಬಾಗಿಲ ಹಿಂದೆ ಒಂಟಿಯಾಗಿ, ಬೆನ್ನು ತೆರೆದು ಕೂತದ್ದು ತಣ್ಣಗಿರುತ್ತದೆ. ಜಾಗ ಉಳಿಸಲು ಅದನ್ನು ಪಕ್ಕಕ್ಕೆ ಮಗುಚಿ ನಿಲ್ಲಿಸುವವರೂ ಇದ್ದಾರೆ. ಒಳಗಿನ ಹೀಟ್ ಸಿಂಕಿನ ರೆಕ್ಕೆಗಳು ಕೆಳಗಿಂದ ಮೇಲಕ್ಕೆ ಗಾಳಿ ಹರಿಯುವಂತೆ ಜೋಡಿಸಿದ್ದಾಗಿರುತ್ತವೆ. ಮಗುಚಿದರೆ ಗಾಳಿಗೆ ಅವೇ ಅಡ್ಡಗಟ್ಟು. ಅದರ ಬದಲು ಬಾಗಿಲೇ ಮೇಲು.

ಹಾಗಾದರೆ ಬಡಗಿಗೆ ಏನು ಹೇಳಬೇಕು? ನನ್ನ ಮಟ್ಟಿಗೆ ಜಗಳ ಮುಂದಿನ ಬಾಗಿಲಿನದಲ್ಲ, ಹಿಂದಿನ ಹಲಗೆಯದು. 50-60 ವ್ಯಾಟ್ ಶಾಖವನ್ನು ಗಾಳಿ 10 ಡಿಗ್ರಿಗಿಂತ ಹೆಚ್ಚು ಏರದಂತೆ ಹೊತ್ತೊಯ್ಯಲು ಸೆಕೆಂಡಿಗೆ ಸುಮಾರು 5 ಲೀಟರ್ ಗಾಳಿ ಸಾಗಬೇಕು. ಫ್ಯಾನಿಲ್ಲದೆ, ಬಿಸಿ ಗಾಳಿ ಹಗುರವಾಗಿ ಏರುವ ಬಲವೊಂದರಿಂದಲೇ ಅಷ್ಟು ಹರಿಯಬೇಕಾದರೆ ಗೂಡಿನ ಬುಡದಲ್ಲೊಂದು, ನೆತ್ತಿಯಲ್ಲೊಂದು, ತಲಾ 45 ಸೆಂ.ಮೀ. ಉದ್ದ 6 ಸೆಂ.ಮೀ. ಅಗಲದ ಸೀಳು ಬೇಕಾಗುತ್ತದೆ. ಬಡಗಿ “ಗಾಳಿಗೆ ತೂತು ಬಿಟ್ಟಿದ್ದೀನಿ ಸಾರ್” ಎಂದು ತೋರಿಸುವುದು ಪ್ಲಾಸ್ಟಿಕ್ ಮುಚ್ಚಳದ ವೈರ್ ತೂತು, 6 ಸೆಂ.ಮೀ. ವ್ಯಾಸದ್ದು. ಅಂಥವು ಮೇಲೆ ಒಂಬತ್ತು, ಕೆಳಗೆ ಒಂಬತ್ತು ಇದ್ದರೆ ಸರಿಹೋದೀತು. ಒಂದೆರಡು ತೂತಿನಲ್ಲಿ, ಅದೂ ವೈರುಗಳು ತುಂಬಿಕೊಂಡ ಮೇಲೆ, ಏನೂ ಆಗದು. ಇನ್ನು ಕೆಳಗಿನ ಸೀಳನ್ನು ಬಿಟ್ಟು ಮೇಲೆ ಮಾತ್ರ ಕೊರೆದರೂ ಅರ್ಧ ಕೆಲಸ. ಹಳೆಯ ಮನೆಗಳ ಅಡುಗೆ ಕೋಣೆಯಲ್ಲಿ ಒಲೆಯ ಹೊಗೆ ಬೆಳಕಿಂಡಿಯಿಂದ ಹೋಗುತ್ತಿದ್ದದ್ದು ಕೆಳಗೆ ಹಿತ್ತಲ ಬಾಗಿಲು ತೆರೆದಿದ್ದಾಗಲೇ.

ಬೆನ್ನಿನ ಪ್ಲೈಯನ್ನು ಪೂರ್ತಿ ತೆಗೆದು, ಯೂನಿಟ್ಟನ್ನು ಗೋಡೆಯಿಂದ ಎರಡು ಇಂಚು ಮುಂದಕ್ಕೆ ಎಳೆದರೆ ಈ ಲೆಕ್ಕವೆಲ್ಲ ಒಂದೇ ಏಟಿಗೆ ಸುಲಭವಾಗುತ್ತದೆ. ಅಲ್ಲಾಡುವ ಭಯಕ್ಕೆ ಮೂಲೆಗಳಲ್ಲಿ ಪಟ್ಟಿ ಹೊಡೆಯಬಹುದು, ಅಥವಾ ಆ ಒಂದು ಗೂಡಿನ ಬೆನ್ನು ಮಾತ್ರ ಬಿಟ್ಟು ಉಳಿದದ್ದಕ್ಕೆ ಪ್ಲೈ ಹಾಕಬಹುದು. ನಷ್ಟವೇನೆಂದರೆ ಹಲ್ಲಿಗೂ ಅದೇ ದಾರಿ. ಸೊಳ್ಳೆ ಪರದೆ ಹೊಡೆದರೆ ಹಲ್ಲಿ ನಿಲ್ಲುತ್ತದೆ, ಗಾಳಿಯೂ ತುಸು ನಿಲ್ಲುತ್ತದೆ, ಕೆಲವು ತಿಂಗಳಿಗೆ ಪರದೆಯೇ ಧೂಳು ಹಿಡಿದು ಗೋಡೆಯಾಗುತ್ತದೆ. ಬೆನ್ನು ಯಾರಿಗೂ ಕಾಣುವುದಿಲ್ಲ, ಹಾಗಾಗಿ ಯಾರೂ ಒರೆಸುವುದೂ ಇಲ್ಲ.

ಫ್ಯಾನ್ ಹಾಕಿದರೆ? ಕಂಪ್ಯೂಟರಿನ 12 ಸೆಂ.ಮೀ. ಫ್ಯಾನ್ ಅರ್ಧ ವೇಗದಲ್ಲಿ ತಿರುಗಿದರೂ ಸೆಕೆಂಡಿಗೆ 5 ಲೀಟರ್ ಅದಕ್ಕೆ ಲೆಕ್ಕಕ್ಕೇ ಇಲ್ಲ. 12 ವೋಲ್ಟಿನ ಫ್ಯಾನಿಗೆ 6-7 ವೋಲ್ಟ್ ಕೊಟ್ಟು, ಗೂಡಿನ ಮೇಲ್ಭಾಗದಲ್ಲಿ ಗಾಳಿ ಹೊರಗೆಳೆಯುವಂತೆ ಕೂರಿಸಿದರೆ ಬಾಗಿಲು ಪೂರ್ತಿ ಹಾಕಿಯೂ ಒಳಗು ಬೆಚ್ಚಗಷ್ಟೇ ಇರುತ್ತದೆ. ರಿಸೀವರಿನ ಯುಎಸ್‌ಬಿ ಕಿಂಡಿಯಿಂದಲೇ ನಡೆಯುವ 5 ವೋಲ್ಟಿನ ಫ್ಯಾನುಗಳೂ ಸಿಗುತ್ತವೆ. ಆದರೆ ತಡರಾತ್ರಿ ತಂಬೂರಿಯ ಶ್ರುತಿ ಕೇಳಲು ಕೂತವರಿಗೆ ಆ ಸಣ್ಣ ಸುಯ್‌ ಸದ್ದೂ ಕಿರಿಕಿರಿ; ಸಿನಿಮಾ ನೋಡುವವರ ಗಮನಕ್ಕೆ ಅದು ಬರುವುದೇ ಇಲ್ಲ. ಇನ್ನೊಂದು ಮಾತು: ಫ್ಯಾನ್ ಗಾಳಿಯನ್ನು ಎಳೆದಷ್ಟೂ ಧೂಳನ್ನೂ ಎಳೆಯುತ್ತದೆ. ಬಾಗಿಲು ಧೂಳಿಗೆಂದೇ ಹಾಕಿಸಿದ್ದಾದರೆ, ಫ್ಯಾನು ಆ ಬಾಗಿಲಿನ ಉದ್ದೇಶವನ್ನೇ ಸ್ವಲ್ಪ ತಿಂದುಹಾಕುತ್ತದೆ. ತಾಪ ನೋಡಿ ತಾನೇ ಶುರುವಾಗುವ ಥರ್ಮೋಸ್ಟ್ಯಾಟ್ ಜೋಡಿಸಿದರೆ ಎರಡೂ ದೂರು ತಗ್ಗುತ್ತವೆ, ಖರ್ಚು ಏರುತ್ತದೆ.

ಯಂತ್ರವನ್ನೇ ಹಾಲಿನಿಂದ ಆಚೆ ಒಯ್ಯುವುದು ಇನ್ನೊಂದು ದಾರಿ, ಮತ್ತು ಜನ ಅದನ್ನು ಸುಮ್ಮನೆ ಹೆದರಿ ಬಿಡುತ್ತಾರೆ. ವೈರ್ ಉದ್ದವಾದರೆ ಧ್ವನಿ ಹಾಳಾಗುತ್ತದೆ ಎಂಬ ನಂಬಿಕೆ ಅದಕ್ಕೆ ಕಾರಣ. ಮನೆಯ ಲೈಟಿಂಗಿಗೆ ಬಳಸುವ 1.5 ಚದರ ಎಂ.ಎಂ. ತಾಮ್ರದ ವೈರನ್ನೇ 10 ಮೀಟರ್ ಎಳೆದರೂ ಹೋಗಿ ಬರುವ ದಾರಿಯ ರೋಧ 0.23 ಓಮ್, 8 ಓಮಿನ ಸ್ಪೀಕರಿಗೆ ನಷ್ಟ ಕಾಲು ಡೆಸಿಬೆಲ್. ಕಿವಿಗೆ ಗೊತ್ತಾಗದು. 2.5ರ ವೈರ್ ಹಾಕಿದರೆ ಇನ್ನೂ ಕಡಿಮೆ. ತೊಂದರೆ ಕೊಡುವುದು ಎಚ್‌ಡಿಎಂಐ. ದೂರ ಹೆಚ್ಚಾದರೆ ಸಾಮಾನ್ಯ ತಾಮ್ರದ ಕೇಬಲ್ 4ಕೆ ಚಿತ್ರಕ್ಕೆ ತಡವರಿಸುತ್ತದೆ, ಆಪ್ಟಿಕಲ್ ಕೇಬಲ್ಲಿಗೆ ದುಡ್ಡು ಸುರಿಯಬೇಕು. ಬರೀ ಹಾಡು ಕೇಳುವ ಎರಡು ಚಾನಲ್ಲಿನವರಿಗೆ ಆ ತಲೆನೋವಿಲ್ಲ. ಅಟ್ಟಕ್ಕೆ ಮಾತ್ರ ಏರಿಸಬಾರದು: ಸೂರಿನಡಿ ಬಿಸಿ ಗಾಳಿ ಸೇರುವುದೇ ಅಲ್ಲಿ, ಜೊತೆಗೆ ಹಳೆಯ ಹಾಸಿಗೆ, ಪಾತ್ರೆಗಳ ನಡುವೆ ಅದು ಹೂತುಹೋಗುತ್ತದೆ.

ಇಷ್ಟೆಲ್ಲ ಹೇಳಿದ್ದು ಎಬಿ ಕ್ಲಾಸಿನ ಬಗ್ಗೆ. ವಾಲ್ವ್ ಆಂಪ್ಲಿಫೈಯರಿಗೂ ಎ ಕ್ಲಾಸಿಗೂ ಚರ್ಚೆಯೇ ಇಲ್ಲ. ಒಂದು ಇಎಲ್‌34 ವಾಲ್ವಿನ ಫಿಲಮೆಂಟ್ ಒಂದೇ 9 ವ್ಯಾಟ್ ಮೀರಿ ಸುಡುತ್ತದೆ, ಒಂದು ಸ್ಟೀರಿಯೊ ಯಂತ್ರದಲ್ಲಿ ಅಂಥವು ನಾಲ್ಕು. ಅವು ಬಯಲಲ್ಲೇ ಇರಬೇಕು. ಡಿ ಕ್ಲಾಸಿನದು ಇದಕ್ಕೆ ತದ್ವಿರುದ್ಧ. ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಲಕ್ಷಾಂತರ ಸಲ ಸ್ವಿಚ್ಚಿನಂತೆ ಆನ್-ಆಫ್ ಆಗುತ್ತವೆ, ಜೋರಾಗಿ ಓಡುವಾಗ ದಕ್ಷತೆ 90 ಶೇಕಡಾ ಆಸುಪಾಸು, ಸುಮ್ಮನಿದ್ದಾಗ ಕೆಲವೇ ವ್ಯಾಟ್. ಮುಷ್ಟಿಯಷ್ಟು ದೊಡ್ಡ ಟಿಪಿಎ3116 ಬೋರ್ಡಿನ ಪೆಟ್ಟಿಗೆಯನ್ನು ಪುಸ್ತಕದ ಸಾಲಿನ ಹಿಂದೆ ಇಟ್ಟರೂ ಅದು ನಗುತ್ತಲೇ ಇರುತ್ತದೆ. ಹಳೆಯ ಕಿವಿಗಳು ಅದರ ದನಿಯನ್ನು ಒಪ್ಪುವುದಿಲ್ಲ. ಒಳ್ಳೆಯ ವಿನ್ಯಾಸದ ಡಿ ಕ್ಲಾಸನ್ನು ಪರದೆಯ ಹಿಂದೆ ಇಟ್ಟು ಕೇಳಿಸಿದರೆ ಎಷ್ಟು ಜನ ಗುರುತಿಸುತ್ತಾರೋ, ನನಗೆ ಅನುಮಾನ. ಜಾಗವೇ ಇಲ್ಲದವರಿಗೆ, ಬಾಗಿಲೂ ಬೇಕೆನ್ನುವವರಿಗೆ ಯೂನಿಟ್ ಕೊರೆಸುವುದಕ್ಕಿಂತ ಯಂತ್ರ ಬದಲಿಸುವುದು ಅಗ್ಗವಾಗಬಹುದು.

ಊರು ಬದಲಾದಂತೆ ತಕ್ಕಡಿಯೂ ವಾಲುತ್ತದೆ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಶತ್ರು ಶಾಖವಲ್ಲ, ತೇವ. ಸ್ಪೀಕರ್ ಟರ್ಮಿನಲ್ಲುಗಳು ಹಸಿರುಗಟ್ಟುತ್ತವೆ, ವಾಲ್ಯೂಮ್ ಗುಂಡಿ ತಿರುಗಿಸಿದರೆ ಪರಪರ ಎನ್ನುತ್ತದೆ. ಅಲ್ಲಿ ಅರ್ಧ ಮುಚ್ಚಿದ ಗೂಡಿನಲ್ಲಿ ದಿನಕ್ಕೊಂದೆರಡು ಗಂಟೆ ಓಡಿ ಬೆಚ್ಚಗಾಗುವ ಆಂಪ್ಲಿಫೈಯರು ತನ್ನ ತೇವವನ್ನು ತಾನೇ ಒಣಗಿಸಿಕೊಳ್ಳುತ್ತದೆ. ಕಡಲ ಕಡೆಯ ಕಿಟಕಿಗೆ ಎದುರಾಗಿ ತೆರೆದಿಟ್ಟದ್ದು ಉಪ್ಪುಗಾಳಿ ಕುಡಿಯುತ್ತದೆ. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಹೊರಗೇ 40 ದಾಟಿರುತ್ತದೆ. ಕೋಣೆಯ 37-38ರ ಮೇಲೆ ಗೂಡಿನ 25 ಸೇರಿಸಿದರೆ ಕೈಯಿಟ್ಟು ಹಿಡಿಯಲಾಗದ 60ರ ಗಡಿ ಯಂತ್ರದ ಹೊರಗೇ ಬಂತು. ಅಲ್ಲಿ ಬೇಸಿಗೆಯ ಎರಡು ತಿಂಗಳು ಬಾಗಿಲಿನ ಕೀಲು ಬಿಚ್ಚಿಟ್ಟು, ಬಿಸಿಲು ತಗ್ಗಿದ ಮೇಲೆ ಜೂನಿನಲ್ಲಿ ಮತ್ತೆ ಕೂರಿಸಿಕೊಂಡರಾಯಿತು. ಸ್ಲೈಡಿಂಗ್ ಬಾಗಿಲಾದರೆ ಆ ಕಷ್ಟವೂ ಇಲ್ಲ, ಹಾಡು ಹಾಕುವಾಗ ಸರಿಸಿ, ನಿಲ್ಲಿಸಿ ಅರ್ಧ ಗಂಟೆಯ ಮೇಲೆ ಮುಚ್ಚಬಹುದು.